ಹೈಫಾದ ದಾರಿಯಲ್ಲಿ ನಮ್ಮ ಕುದುರೆಗಳು

ಕಳೆದ ರಾಜ್ಯೋತ್ಸವದಂದು ಶ್ರೀರಾಂಪುರದ ವೇದಿಕೆಯ ಮೇಲೆ ನಿಂತು ನಾನೊಂದು ಸುಳ್ಳು ಹೇಳಿದೆ. ಬೇಕೆಂದು ಹೇಳಿದ್ದಲ್ಲ; ತಿಳಿದವನೆಂಬ ಭರದಲ್ಲಿ ಹೇಳಿದ್ದು. ಕನ್ನಡದ ಮೇಷ್ಟರ ಕೈಗೆ ಮೈಕು ಸಿಕ್ಕರೆ ಇತಿಹಾಸದ ಮೇಷ್ಟರ ಕೆಲಸವನ್ನೂ ಮಾಡಿಬಿಡುವ ಚಾಪಲ್ಯ ಉಂಟಷ್ಟೆ. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ರಾವುತರು ಬರಿಯ ಭರ್ಜಿ ಹಿಡಿದು, ಮೆಷಿನ್‌ಗನ್ನುಗಳ ಬಾಯಿಗೆ ನುಗ್ಗಿ, ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತಾವೇ ಗೆದ್ದರೆಂದೂ, ಲೋಕದ ಇತಿಹಾಸದಲ್ಲಿ ಅದೇ ಕಟ್ಟಕಡೆಯ ಕುದುರೆದಾಳಿಯೆಂದೂ ಘೋಷಿಸಿದೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನ ವಿದ್ಯಾರ್ಥಿಯೊಬ್ಬ ತರಗತಿಯ ಬಾಗಿಲಲ್ಲಿ ತಡೆದು, “ಸಾರ್, ಹೈಫಾ ಗೆದ್ದವರು ಜೋಧಪುರದವರು ಅಂತ ಇನ್ನೊಂದು ಕಡೆ ಓದಿದೆ. ಯಾವುದು ನಿಜ?” ಎಂದ. “ನೋಡಿ ಹೇಳುತ್ತೇನಪ್ಪ” ಎಂದು ಜಾರಿಕೊಂಡೆ. ಆದರೆ ಆ ಪ್ರಶ್ನೆ ಜಾರಲಿಲ್ಲ, ಪುಸ್ತಕಗಳನ್ನು ತೆರೆಯಬೇಕಾಯಿತು.

ಹೈಫಾದ ಮೇಲೆ ಹೋದದ್ದು ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳದ ಬ್ರಿಗೇಡು. ಮೈಸೂರು, ಜೋಧಪುರ, ಹೈದರಾಬಾದು ಈ ಮೂರು ಸಂಸ್ಥಾನಗಳ ಲ್ಯಾನ್ಸರುಗಳು ಅದಕ್ಕೆ ಸೇರಿದವರು. ಹೈದರಾಬಾದಿನವರು ಅಂದಿನ ದಾಳಿಯಲ್ಲಿ ಇರಲಿಲ್ಲ. ಒಂದು ಪಕ್ಕಕ್ಕೆ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕಕ್ಕೆ ಕಿಶೋನ್ ಹೊಳೆ, ನಡುವೆ ಪಟ್ಟಣಕ್ಕೆ ಹೋಗುವ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯುವ ಕೆಲಸ ಮೈಸೂರಿನ ಒಂದು ತುಕಡಿಯ ಪಾಲಿಗೆ ಬಂತು. ಇಂಗ್ಲೆಂಡಿನ ಷೆರ್‌ವುಡ್ ರೇಂಜರ್ಸ್ ದಳದವರೂ ಅವರ ನೆರವಿಗೆ ಹೋದರು. ಪಟ್ಟಣದತ್ತ ನೇರವಾಗಿ ನುಗ್ಗಿದವರು ಜೋಧಪುರದವರು. ಹೊಳೆಯ ದಂಡೆಯ ಹುದುಲು ಕುದುರೆಗಳನ್ನು ತಡೆದಾಗ ಅವರು ಎಡಕ್ಕೆ ತಿರುಗಿ, ಬೆಟ್ಟದ ಬುಡದಲ್ಲಿದ್ದ ಮೆಷಿನ್‌ಗನ್ನುಗಳ ಮೇಲೆ ಬಿದ್ದು, ದಾರಿ ಬಿಡಿಸಿಕೊಂಡರು. ಅವರ ಮೇಜರ್ ದಲಪತ್ ಸಿಂಗರು ಆ ಕಾಳಗದಲ್ಲಿ ಮಡಿದರು. ಮೈಸೂರಿನ ಉಳಿದ ತುಕಡಿಗಳು ಬೆಂಬಲವಾಗಿ ನಿಂತು, ಅವರ ಹಿಂದೆಯೇ ಊರನ್ನು ಹೊಕ್ಕವು. ಸೆರೆಸಿಕ್ಕವರು 1350 ಮಂದಿ, ಕೈವಶವಾದ ಫಿರಂಗಿ 17.

ಬರಿಯ ಭರ್ಜಿಯ ಮಾತೂ ನಿಲ್ಲುವಂಥದಲ್ಲ. ಬ್ರಿಗೇಡಿನ ಕೂಡ ಫಿರಂಗಿ, ಮೆಷಿನ್‌ಗನ್ನುಗಳಿದ್ದುವು. ನಾಲ್ಕು ದಿನ ಮೊದಲೇ, 19ರಂದು, ಜನರಲ್ ಅಲೆನ್‌ಬಿಯ ಸೈನ್ಯ ತುರ್ಕರ ಸಾಲನ್ನು ಭೇದಿಸಿತ್ತು. ಹೈಫಾ ಆ ದೊಡ್ಡ ಕಾಳಗದ ಒಂದು ತುಣುಕು. ಇನ್ನು ‘ಕಟ್ಟಕಡೆಯ ದಾಳಿ’? 1942ರಲ್ಲಿ ಬರ್ಮಾದ ಟೌಂಗೂ ಬಳಿ ಜಪಾನೀಯರ ಮೇಲೆ, ಅದೇ ವರ್ಷ ಡಾನ್ ನದಿಯ ಬಳಿ ರಷ್ಯನ್ನರ ಮೇಲೆ ಇಟಲಿಯವರಿಂದ ಕುದುರೆದಾಳಿಗಳು ನಡೆದಿವೆ. ನಮ್ಮವರು ಇಸ್ರೇಲಿಗಾಗಿ ಹೋರಾಡಿದರೆಂದು ಹೇಳುವವರೂ ಇದ್ದಾರೆ. ಆ ರಾಜ್ಯ ಹುಟ್ಟಿದ್ದು 1948ರಲ್ಲಿ. ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಸೈನಿಕರನ್ನು 1922ರಲ್ಲಿ ನಿಲ್ಲಿಸಿದ್ದು ಮೂರು ಸಂಸ್ಥಾನಗಳವರ ಇಡೀ ದಂಡಯಾತ್ರೆಯ ನೆನಪಿಗೆ. ಆ ವೃತ್ತಕ್ಕೆ ಹೈಫಾದ ಹೆಸರು ಸೇರಿದ್ದು 2018ರಲ್ಲಿ.

ಇಷ್ಟನ್ನೂ ನಮ್ಮ ಬೀದಿಯ ಹಿರಿಯರೊಬ್ಬರ ಮುಂದೆ ಹೇಳಿದೆ. ಅವರು ಎಲೆಯಡಿಕೆಯ ಚೀಲವನ್ನು ಮಡಿಚಿಟ್ಟು, “ಏನು ಮೇಷ್ಟರೇ, ನಮಗಿದ್ದ ಒಂದು ಕೀರ್ತಿಯನ್ನೂ ಮಾರವಾಡದವರಿಗೆ ಹಂಚಿ ಬಂದಿರಾ?” ಎಂದರು. ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಮನೆಗೆ ಬರುವಾಗ ಹೊಳೆಯಿತು. ದುರ್ಗದ ಕೋಟೆಯ ಕೆಳಗೆ ನಿಂತು ತಲೆಯೆತ್ತಿ ನೋಡಿದ ನಮ್ಮ ಜಿಲ್ಲೆಯವರಿಗೆ, ಮೇಲೆ ಫಿರಂಗಿಯಿರುವ ಬೆಟ್ಟವನ್ನು ಹತ್ತುವುದೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರಿನವರು ಮಾಡಿದ ಕೆಲಸ ಅದು. ಜೋಧಪುರದವರ ಪಾಲನ್ನು ಅವರಿಗೆ ಬಿಟ್ಟುಕೊಟ್ಟರೆ ಇದು ಕುಗ್ಗುವುದೆಂದು ನನಗೇಕೋ ತೋರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಆ ದಿನ ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಆ ಕುದುರೆಗಳಿಗೆ ಹುಲ್ಲು ನೀರು ಕೊಟ್ಟು, ಮೈ ತಿಕ್ಕಿ, ಸಮುದ್ರ ದಾಟಿಸಿ ಕರೆದೊಯ್ದ ಸಾಯಿಸರು ನನ್ನ ಭಾಷಣದಲ್ಲಿ ಇರಲಿಲ್ಲ. ನಾನು ವರ್ಷ ವರ್ಷವೂ ವೀರಗಲ್ಲುಗಳನ್ನು ಕುರಿತು ಪಾಠ ಹೇಳುವವನು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕುದುರೆಯ ಮೇಲಿದ್ದವನನ್ನು ಶಿಲ್ಪಿ ಮರೆಯುವುದಿಲ್ಲ. ಕುದುರೆಗೆ ಹುರುಳಿ ಬೇಯಿಸಿದವನಿಗೆ ಯಾವ ಪಟ್ಟಿಕೆಯೂ ಇಲ್ಲ. ಈಚಿನ ಇತಿಹಾಸಕಾರರು ಕೈಹಾಕಿರುವುದು ಇಂಥಲ್ಲಿಯೇ. ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಹೋದ ಸುಮಾರು 13 ಲಕ್ಷ ಜನರಲ್ಲಿ ಬಂದೂಕು ಹಿಡಿಯದ ಕೂಲಿಗಳು, ಹೇಸರಗತ್ತೆ ಹೊಡೆಯುವವರು, ಅಡಿಗೆಯವರು ಲಕ್ಷಗಟ್ಟಲೆ. ಮಡಿದವರು 74,000ಕ್ಕೂ ಹೆಚ್ಚು. 2018ರಲ್ಲಿ ಬಂದ ಸಂತನು ದಾಸರ ಗ್ರಂಥ ದಂಡನಾಯಕರ ವರದಿಗಳಲ್ಲೇ ನಿಲ್ಲದೆ ಸಿಪಾಯಿಗಳ ಕಾಗದಗಳನ್ನೂ ಹಾಡುಗಳನ್ನೂ ಹುಡುಕಿಕೊಂಡು ಹೋಗುತ್ತದೆ. ಎರಡನೆಯ ಯುದ್ಧದ 25 ಲಕ್ಷ ಭಾರತೀಯ ಸೈನಿಕರನ್ನು ಕುರಿತು ಶ್ರೀನಾಥ ರಾಘವನ್ನರು 2016ರಲ್ಲಿ ಬರೆದರು. ಆ ಯುದ್ಧದ ಲೆಕ್ಕದಲ್ಲಿ 1943ರ ಬಂಗಾಳದ ಕ್ಷಾಮವನ್ನು ಬಿಟ್ಟು ಮಾತನಾಡುವುದು ಈಗ ಕಷ್ಟ.

ಯುದ್ಧ ಯಾರದೆಂಬ ಪ್ರಶ್ನೆಯನ್ನೂ ಅವರು ಎತ್ತುತ್ತಾರೆ. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟಿತು. ನಾನು ಇದನ್ನೂ ವೇದಿಕೆಯಿಂದ ಔದಾರ್ಯವೆಂದು ಕೊಂಡಾಡಿದ್ದೆ. ಸಾಮ್ರಾಜ್ಯದ ಅಧೀನದಲ್ಲಿದ್ದ ಸಂಸ್ಥಾನಕ್ಕೆ ಇಂಥ ಉದಾರತೆಯಲ್ಲಿ ಆಯ್ಕೆ ಎಷ್ಟಿತ್ತು, ಆ ಹಣ ಹುಟ್ಟಿದ್ದು ಯಾರ ಹೊಲದಲ್ಲಿ ಎಂದು ಅಂದು ಕೇಳಿಕೊಳ್ಳಲಿಲ್ಲ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರುಗಳ ಸ್ಮಾರಕವಿದೆ. ಬರುವ ರಜೆಯಲ್ಲಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇನೆ. ಹಿರಿಯರೂ ಬರುತ್ತಾರಂತೆ, ಬಸ್ಸಿನ ಖರ್ಚು ನನ್ನದಾದರೆ. ನವೆಂಬರಿನಲ್ಲಿ ಮತ್ತೆ ವೇದಿಕೆಗೆ ಕರೆದರೆ ಹೋದ ವರ್ಷದ ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸುವೆ. ಪ್ರಶ್ನೆ ಕೇಳಿದ ಹುಡುಗನಿಗೆ ಮುಂದಿನ ಸಾಲಿನಲ್ಲಿಯೇ ಕೂರಲು ಹೇಳಿದ್ದೇನೆ.