ಪೊರಕೆ ಸಾಕು, ಮೀಟರ್ ಹಿಡಿಯೋಣ



ಐಟಿಐ ಮುಗಿಸಿದ ನಮ್ಮ ಕೇರಿ ಹುಡುಗ ನಿನ್ನೆ ಕೇಳಿದ: "ಅಣ್ಣಾ, ಕೈಗಾ ಅಣುಸ್ಥಾವರದಲ್ಲಿ ಟೆಕ್ನಿಷಿಯನ್ ಆಗೋಕೆ ದೊಡ್ಡ ವಿಜ್ಞಾನ ಓದಿರಬೇಕಾ?"

ಬೇಡ ತಮ್ಮಾ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನದ ಒಳ್ಳೆ ಅಂಕ, ಜೊತೆಗೆ ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡ್ ಇದ್ದರೆ ಅರ್ಜಿ ಹಾಕಬಹುದು. ಪರೀಕ್ಷೆ ಪಾಸಾದರೆ ಸ್ಟೈಪೆಂಡ್ ಕೊಟ್ಟು ಅವರೇ ತರಬೇತಿ ಕೊಡ್ತಾರೆ. ನಮಗೆ ಮೀಸಲಾತಿಯೂ ಇದೆ.

ಕೌಶಲ ಅಂದ್ರೆ ಏನು? ಪಂಪು, ವಾಲ್ವು, ಗೇಜುಗಳ ಪರಿಚಯ ಇರಬೇಕು. ಬರೆದಿಟ್ಟ ಕ್ರಮದಲ್ಲಿ ಒಂದು ಹೆಜ್ಜೆಯೂ ತಪ್ಪಬಾರದು. ಕಂಡ ರೀಡಿಂಗನ್ನೇ ಬರೀಬೇಕು, ಅಂದಾಜು ನಡೆಯಲ್ಲ. ವಿಕಿರಣದ ಹತ್ತಿರ ಮೂರೇ ಸೂತ್ರ: ಕಡಿಮೆ ಹೊತ್ತು ಇರು, ದೂರ ಇರು, ನಡುವೆ ತಡೆ ಇರಲಿ. ಎದೆ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಲೆಕ್ಕ ಇಡುತ್ತೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು.

ಇದನ್ನು ಓದುವಾಗ ನನಗೆ ನೆನಪಾಗಿದ್ದು ಮ್ಯಾನ್‌ಹೋಲ್. ಒಳಗೆ ಗ್ಯಾಸ್ ಎಷ್ಟಿದೆ ಅಂತ ಅಳೆದು ನಮ್ಮೋರನ್ನ ಇಳಿಸಿದವರು ಎಷ್ಟು ಜನ? ಅಪಾಯ ಎರಡೂ ಕಡೆ ಕಣ್ಣಿಗೆ ಕಾಣಲ್ಲ. ಒಂದು ಕಡೆ ಅದಕ್ಕೆ ಮೀಟರ್ ಇದೆ, ಮಿತಿ ಇದೆ, ದಾಖಲೆ ಇದೆ. ಇನ್ನೊಂದು ಕಡೆ ಹಗ್ಗ ಮಾತ್ರ. ವ್ಯತ್ಯಾಸ ವಿಜ್ಞಾನದ್ದಲ್ಲ, ಯಾರ ಜೀವಕ್ಕೆ ಬೆಲೆ ಕಟ್ತೀವಿ ಅನ್ನೋದರದ್ದು.

ಅದಕ್ಕೇ ಹೇಳೋದು, ಅರ್ಜಿ ಹಾಕಿ. ಒಳಗೆ ಹೋದ ಮೇಲೆ, ನೆಲ ಒರೆಸುವ ಗುತ್ತಿಗೆ ಅಕ್ಕನಿಗೂ ಅವಳ ಡೋಸ್ ಎಷ್ಟು ಅಂತ ಓದಿ ಹೇಳಿ. ಅದೂ ಟೆಕ್ನಿಷಿಯನ್ ಕೆಲಸವೇ.