ಎಲ್ಲಾ ಸಂಶೋಧನೆಗೂ ಒಂದೇ ತಕ್ಕಡಿಯಾ?

ಪ್ರತಿ ವರ್ಷ ಯೂನಿವರ್ಸಿಟಿಗಳ ರ‍್ಯಾಂಕಿಂಗ್ ಪಟ್ಟಿ ಬಂದ ಮಾರನೇ ದಿನ ಎಲ್ಲಾ ಕಡೆ ಒಂದೇ ಥರದ ಸುದ್ದಿ. ಇವರು ಎರಡು ಸ್ಥಾನ ಮೇಲೆ ಹೋದರು, ಅವರು ಹತ್ತು ಸ್ಥಾನ ಕೆಳಗೆ ಜಾರಿದರು... ಮೇಲೆ ಹೋದವರ ಗೇಟಿಗೆ ಫ್ಲೆಕ್ಸು. ಕೆಳಗೆ ಜಾರಿದವರ ಕಡೆಯಿಂದ ‘ಇನ್ನು ಮುಂದೆ ಸಂಶೋಧನೆಗೆ ಒತ್ತು ಕೊಡುತ್ತೇವೆ’ ಅನ್ನೋ ಹೇಳಿಕೆ. ಒತ್ತು ಅಂದರೆ ಏನು ಅಂತ ಯಾರೂ ಕೇಳಲ್ಲ. ಕೇಳೋ ಅಗತ್ಯವೂ ಇಲ್ಲ ಬಿಡಿ, ಮೇಷ್ಟ್ರುಗಳಿಗೆಲ್ಲ ಗೊತ್ತು: ಇನ್ನಷ್ಟು ಪ್ರಬಂಧ ಬರೀರಿ, ಲೆಕ್ಕ ತುಂಬಿಸಿ!

ನನ್ನ ತಕರಾರು ಇರೋದು ಇಲ್ಲೇ. ಒಂದು ಯೂನಿವರ್ಸಿಟಿಯಲ್ಲಿ ಗಣಿತ ಇರತ್ತೆ, ರಸಾಯನಶಾಸ್ತ್ರ ಇರತ್ತೆ, ಇತಿಹಾಸ, ಕನ್ನಡ, ಸಮಾಜಶಾಸ್ತ್ರ ಎಲ್ಲಾ ಇರತ್ತೆ. ಇವೆಲ್ಲದರ ಸಂಶೋಧನೆಯನ್ನೂ ಒಂದೇ ತಕ್ಕಡಿಗೆ ಹಾಕಿ ‘ಒಟ್ಟು ಇಷ್ಟು’ ಅಂತ ಒಂದು ಅಂಕಿ ಬರೆಯೋದು ಅನ್ಯಾಯ. ರಾಗೀನ ಸೇರಲ್ಲಿ ಅಳೀತೀವಿ, ಹೂವನ್ನ ಮೊಳದಲ್ಲಿ. ಎರಡನ್ನೂ ಕೂಡಿಸಿ ‘ಈ ವಾರದ ಸಂತೆ ನಲವತ್ತೆರಡು’ ಅಂದರೆ ಸಂತೆಗೆ ಬಂದವರು ಬಿದ್ದು ಬಿದ್ದು ನಗ್ತಾರೆ. ಯೂನಿವರ್ಸಿಟಿ ವಿಷಯದಲ್ಲಿ ಮಾತ್ರ ನಾವ್ಯಾರೂ ನಗಲ್ಲ, ಚಪ್ಪಾಳೆ ತಟ್ತೀವಿ.

ವಿಜ್ಞಾನದ ಒಳಗೇ ನೋಡಿ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಒಂದು ಪ್ರಬಂಧ ಬಂತು. ಲೇಖಕರ ಸಂಖ್ಯೆ 5,154. ಒಟ್ಟು 33 ಪುಟ, ಅದರಲ್ಲಿ 24 ಪುಟ ಬರೀ ಲೇಖಕರ ಹೆಸರು, ಅವರ ಸಂಸ್ಥೆಗಳ ಹೆಸರು! ತಪ್ಪೇನಿಲ್ಲ, ಅಷ್ಟು ದೊಡ್ಡ ಯಂತ್ರವನ್ನು ಕಟ್ಟಿ ನಡೆಸೋಕೆ ಅಷ್ಟು ಜನ ಬೇಕೇ ಬೇಕು. ಆದರೆ ಅದೇ ಕ್ಯಾಂಪಸ್ಸಿನ ಗಣಿತದ ಮೇಷ್ಟ್ರು ಒಂದು ಪ್ರಮೇಯದ ಹಿಂದೆ ಮೂರು ವರ್ಷ ಒಬ್ಬರೇ ಕೂತಿರ್ತಾರೆ. ಅವರ ಪ್ರಬಂಧವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರೇ ಜಗತ್ತಿನಲ್ಲಿ ಕೆಲವೇ ಮಂದಿ. ಉಲ್ಲೇಖ ಎಲ್ಲಿಂದ ಬರಬೇಕು? ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ‘ನಿಮ್ಮದೆಷ್ಟು, ನಿಮ್ಮದೆಷ್ಟು’ ಅಂತ ಕೇಳಿದರೆ ಗಣಿತದವರು ಸೋಮಾರಿಯ ಹಾಗೆ ಕಾಣ್ತಾರೆ. ಪೀಟರ್ ಹಿಗ್ಸ್ ಅವರೇ 1964ರ ಆ ಕೆಲಸದ ನಂತರ ಬರೆದ ಪ್ರಬಂಧಗಳು ಹತ್ತಕ್ಕಿಂತ ಕಡಿಮೆ. 2013ರಲ್ಲಿ ನೊಬೆಲ್ ಬಂದಾಗ, ಈಗಿನ ವ್ಯವಸ್ಥೆಯಲ್ಲಿ ತನಗೆ ಯಾರೂ ಕೆಲಸ ಕೊಡ್ತಿರಲಿಲ್ಲ ಅನ್ನೋ ಅರ್ಥದ ಮಾತನ್ನು ಆ ಮುದುಕರೇ ಆಡಿದ್ದರು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ ಮೊದಲು ಬಂದದ್ದು 2016ರಲ್ಲಿ. ಯೂನಿವರ್ಸಿಟಿಗಳ ವಿಭಾಗದಲ್ಲಿ ಅಂದಿನಿಂದಲೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೇ ಮೊದಲು. ಸಂತೋಷ, ಹೆಮ್ಮೆಯೂ ಹೌದು. ಆದರೆ ಅಲ್ಲಿ ಪ್ರಬಂಧಗಳನ್ನು ಎಣಿಸೋದು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಅನ್ನೋ ಎರಡು ಖಾಸಗಿ ಕಂಪನಿಗಳ ಪಟ್ಟಿಗಳಿಂದ. ಕನ್ನಡದಲ್ಲಿ ಬರೆದ ಸಂಶೋಧನೆಗೆ ಆ ಪಟ್ಟಿಗಳಲ್ಲಿ ಹೆಚ್ಚುಕಡಿಮೆ ಜಾಗವೇ ಇಲ್ಲ. ಅಂದರೆ ಕನ್ನಡ ನಾಡಿನ ಯೂನಿವರ್ಸಿಟಿಯೊಂದು ಕನ್ನಡದಲ್ಲಿ ಎಷ್ಟೇ ದೊಡ್ಡ ಕೆಲಸ ಮಾಡಿದರೂ ಈ ಲೆಕ್ಕದಲ್ಲಿ ಅದು ಸೊನ್ನೆ!

ಒಂದು ಹಳೇ ಉದಾಹರಣೆ ಕೊಡ್ತೀನಿ. ಮೈಸೂರಿನ ಓರಿಯಂಟಲ್ ಲೈಬ್ರರಿ ಶುರುವಾದದ್ದು 1891ರಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಕೊಟ್ಟುಹೋದ ತಾಳೆಗರಿಯ ಕಟ್ಟೊಂದನ್ನು ಆರ್. ಶಾಮಾಶಾಸ್ತ್ರಿಗಳು 1905ರ ಹೊತ್ತಿಗೆ ಬಿಚ್ಚಿ ನೋಡಿದರು. ಅದು ಗ್ರಂಥ ಲಿಪಿಯಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಪ್ರಾಚೀನ ಭಾರತಕ್ಕೆ ರಾಜ್ಯಶಾಸ್ತ್ರವೇ ಗೊತ್ತಿರಲಿಲ್ಲ ಅಂತಿದ್ದವರ ಬಾಯಿ ಮುಚ್ಚಿತು. 1916ರಲ್ಲಿ ಆ ಲೈಬ್ರರಿ ಮೈಸೂರು ಯೂನಿವರ್ಸಿಟಿಯ ಭಾಗವಾಯಿತು. ಈಗ ಲೆಕ್ಕ ಹಾಕಿ: ಹತ್ತು ವರ್ಷ, ಒಂದು ಪುಸ್ತಕ, ಒಂದು ಅನುವಾದ. ಇವತ್ತಾಗಿದ್ದರೆ ಶಾಸ್ತ್ರಿಗಳಿಗೆ ‘ನಿಮ್ಮ ಸಾಧನೆ ತೃಪ್ತಿಕರವಾಗಿಲ್ಲ’ ಅಂತ ಒಂದು ಮೆಮೋ ಹೋಗ್ತಿತ್ತೇನೋ :)

ತಮಾಷೆಗೆ ಹೇಳ್ತಿಲ್ಲ ಸ್ವಾಮಿ. ಯುಜಿಸಿಯ 2018ರ ನಿಯಮಾವಳಿಯ ಅಂಕಪಟ್ಟಿ ತೆಗೆದು ನೋಡಿ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಂದು ಪ್ರಬಂಧಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರು ತಂದ ಇಡೀ ಪುಸ್ತಕಕ್ಕೂ 10. ಇಡೀ ಪುಸ್ತಕದ ಅನುವಾದಕ್ಕೆ 8. ಹತ್ತು ಪುಟದ ಲೇಖನಕ್ಕಿಂತ ನಾನೂರು ಪುಟದ ಅನುವಾದ ಕಡಿಮೆ! ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 10 ದಾಟಿತೋ, ಆಗ 30 ಅಂಕದ ಲೆಕ್ಕ. ಈ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನೋದು ಒಂದು ಜರ್ನಲ್‌ನ ಲೇಖನಗಳಿಗೆ ಸಿಕ್ಕ ಉಲ್ಲೇಖಗಳ ಸರಾಸರಿ ಅಷ್ಟೇ. 1955ರಲ್ಲಿ ಯೂಜೀನ್ ಗಾರ್‌ಫೀಲ್ಡ್ ಇದರ ಯೋಚನೆ ಮುಂದಿಟ್ಟರು, ಆಮೇಲೆ ಅದು ಲೈಬ್ರರಿಗಳು ಯಾವ ಜರ್ನಲ್ ತರಿಸಬೇಕು ಅಂತ ತೀರ್ಮಾನಿಸೋಕೆ ನೆರವಾಯಿತು. ಜರ್ನಲ್ ಅಳೆಯೋ ಕೋಲಿನಿಂದ ನಾವು ಮನುಷ್ಯರನ್ನು ಅಳೀತಿದ್ದೀವಿ.

ನನ್ನ ಸ್ನೇಹಿತೆಯೊಬ್ಬಳು ಕನ್ನಡ ಅಧ್ಯಾಪಕಿ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗಿ ವೀರಗಲ್ಲು, ಮಾಸ್ತಿಕಲ್ಲು ಹುಡುಕ್ತಾಳೆ. ಹೊಲದ ಬದುವಿನಲ್ಲಿ ಮಗುಚಿ ಬಿದ್ದ ಕಲ್ಲನ್ನು ಊರವರ ಕೈಲಿ ಎತ್ತಿಸಿ, ತೊಳೆದು, ಅಚ್ಚು ತೆಗೆದು ಓದ್ತಾಳೆ. ವರ್ಷದ ಕೊನೆಗೆ ಫಾರಂ ತುಂಬುವಾಗ ಈ ಕೆಲಸವನ್ನು ಯಾವ ಕಾಲಂನಲ್ಲಿ ಬರೀಬೇಕು ಅಂತ ಅವಳ ಕಚೇರಿಯವರಿಗೇ ಗೊತ್ತಿರಲಿಲ್ಲವಂತೆ. ‘ಇತರೆ’ ಅಂತ ಬರೀರಿ ಮೇಡಂ ಅಂದರಂತೆ! ಶಾಸನಗಳು ‘ಇತರೆ’ ಆದ ನಾಡಿನಲ್ಲಿ ಇತಿಹಾಸ ಯಾರು ಬರೀತಾರೆ?

‘ಅದು ಭಾಷೆ, ಇತಿಹಾಸದವರ ಗೋಳು, ವಿಜ್ಞಾನಕ್ಕೆ ಈ ಲೆಕ್ಕ ಸರಿಯಾಗಿದೆ’ ಅನ್ನೋರಿಗೆ ರಾಗಿಯ ಕಥೆ ಹೇಳ್ತೀನಿ. ರಾಗಿಯ ಹೂವು ತೀರಾ ಸಣ್ಣದು, ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳೋ ಜಾತಿ. ಎರಡು ತಳಿ ಬೆರೆಸೋದು ಅಂದರೆ ತಪಸ್ಸು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಆ ತಪಸ್ಸು ಮಾಡಿ, ಇಂಡಿಯಾದ ತಳಿಗೆ ಆಫ್ರಿಕಾದ ತಳಿ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆಮೇಲೆ 1996ರಲ್ಲಿ ಬೆಂಗಳೂರು ಕೃಷಿ ಯೂನಿವರ್ಸಿಟಿಯಿಂದ ಬೆಂಕಿ ರೋಗ ತಡೆಯೋ ಜಿಪಿಯು-28 ಬಂತು. ಹಳೇ ಮೈಸೂರಿನ ಯಾವುದೇ ರೈತರನ್ನು ಕೇಳಿ, ಈ ಹೆಸರು ಗೊತ್ತಿರತ್ತೆ. ನೀವು ನಿನ್ನೆ ತಿಂದ ಮುದ್ದೆಯಲ್ಲೂ ಅದು ಇದ್ದಿರಬಹುದು! ಇದಕ್ಕೆ ಉಲ್ಲೇಖ ಎಷ್ಟು ಬಂತು ಅಂತ ಕೇಳ್ತೀರಾ? ರೈತ ಬಿತ್ತುತ್ತಾನೆ ಸ್ವಾಮಿ, ಅಡಿಟಿಪ್ಪಣಿ ಬರೆಯಲ್ಲ.

ಇಂಥಾ ಕೆಲಸಕ್ಕೆ ಬೆಲೆ ಇಲ್ಲ, ಸಂಖ್ಯೆಗೆ ಮಾತ್ರ ಬೆಲೆ ಅಂದಾಗ ಏನಾಗತ್ತೆ? ಸಂಖ್ಯೆಯ ಅಂಗಡಿಗಳು ಹುಟ್ಟಿಕೊಳ್ಳುತ್ತವೆ. 2013ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ‘ಸೈನ್ಸ್’ ಪತ್ರಿಕೆಗಾಗಿ ಬೇಕಂತಲೇ ತಪ್ಪು ತುಂಬಿದ ನಕಲಿ ಪ್ರಬಂಧವೊಂದನ್ನು 304 ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು! ಭಾರತದಲ್ಲಿ ನೆಲೆಯಿದ್ದವುಗಳಲ್ಲಿ 64 ‘ಆಗಲಿ’ ಅಂದವು, 15 ಮಾತ್ರ ‘ಬೇಡ’ ಅಂದವು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಮಾನ್ಯತೆಯ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಆಮೇಲೆ ಕೇರ್ ಅಂತ ಹೊಸ ಪಟ್ಟಿ ಮಾಡಿತು, 2025ರ ಫೆಬ್ರವರಿಯಲ್ಲಿ ಅದನ್ನೂ ಮುಚ್ಚಿತು. ಇದು ನಮ್ಮೊಬ್ಬರದ್ದೇ ರೋಗವೂ ಅಲ್ಲ. 2023ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡ ಪ್ರಬಂಧಗಳು 10,000 ದಾಟಿದವು.

ಈ ಅಂಗಡಿಗಳ ಗಿರಾಕಿ ಯಾರು ಗೊತ್ತಾ? ಬಡ ಮನೆಯಿಂದ ಬಂದ ಪಿಎಚ್‌ಡಿ ಹುಡುಗ ಹುಡುಗಿಯರು. ನನಗೆ ಪರಿಚಯದ ಹುಡುಗನೊಬ್ಬ ಫೆಲೋಶಿಪ್ ಬಂದ ತಿಂಗಳೇ ಅದರಲ್ಲಿ ಒಂದು ಭಾಗ ‘ನಾಲ್ಕೇ ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ’ ಅಂದವರ ಕೈಗೆ ಕೊಟ್ಟ. ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯ ಅನ್ನೋ ನಿಯಮವನ್ನು ಯುಜಿಸಿ 2022ರ ನವೆಂಬರಿನಲ್ಲಿ ಕೈಬಿಟ್ಟಿತು, ನಿಜ. ಆದರೆ ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಲೆಕ್ಕ ಕೇಳೇ ಕೇಳ್ತಾರಲ್ಲ!

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಮರೆಸಿ ಮಾತಾಡೋದು ಸರಿಯಲ್ಲ. ‘ಅಂಕಿ ತೆಗೆದುಹಾಕಿದರೆ ಜಾತಿ, ವಶೀಲಿ, ಬಕೆಟ್ ಹಿಡಿಯೋದು ಇಷ್ಟೇ ಉಳಿಯತ್ತೆ. ಯಾರ ಬೆಂಬಲವೂ ಇಲ್ಲದವನಿಗೆ ಅಂಕಿಯೇ ದಿಕ್ಕು’ ಅಂತ ಅನೇಕರು ಹೇಳ್ತಾರೆ. ಈ ಮಾತಿನ ಹಿಂದೆ ಎಷ್ಟು ನೋವಿದೆ ಅಂತ ನನಗೆ ಗೊತ್ತು. ಆದರೆ ಅಂಕಿಯನ್ನೂ ದುಡ್ಡಿಗೆ ಕೊಳ್ಳಬಹುದು ಅಂತಾದ ಮೇಲೆ ಅದು ಬಡವನ ರಕ್ಷಣೆಗೆ ಹೇಗೆ ಬರತ್ತೆ? ಕಾಸಿದ್ದವನು ಹತ್ತು ಪ್ರಬಂಧ ಕೊಂಡುಕೊಳ್ತಾನೆ, ಇಲ್ಲದವನು ಸಾಲ ಮಾಡಿ ಒಂದು ಕೊಳ್ತಾನೆ. ವಶೀಲಿ ಹಾಗೇ ಉಳೀತು, ಖರ್ಚು ಮಾತ್ರ ಹೆಚ್ಚಾಯಿತು.

ನಾನು ಎಣಿಸಲೇಬೇಡಿ ಅಂತಿಲ್ಲ. ಗಣಿತವನ್ನು ಗಣಿತದ ಜೊತೆ ಹೋಲಿಸಿ, ಕನ್ನಡವನ್ನು ಕನ್ನಡದ ಜೊತೆ. ತಳಿ, ನಿಘಂಟು, ಶಾಸನ ಸಂಪುಟ, ಅನುವಾದ ಇವಕ್ಕೆಲ್ಲ ಅವುಗಳದ್ದೇ ಅಳತೆ ಇರಲಿ. ಮುಖ್ಯವಾಗಿ, ಅಭ್ಯರ್ಥಿಯ ಅತ್ಯುತ್ತಮ ಅನ್ನಿಸೋ ಮೂರು ಕೆಲಸ ಕೇಳಿ ಪಡೆದು, ಆ ವಿಷಯ ಬಲ್ಲ ಹೊರಗಿನವರಿಂದ ಓದಿಸಿ. ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆದು ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸಿ. ವಶೀಲಿಗೆ ಬೆಳಕು ಕಂಡರೆ ಭಯ. ಇದೇನು ಆಗದ ಹೋಗದ ಮಾತಲ್ಲ. ವಿಷಯದಿಂದ ವಿಷಯಕ್ಕೆ ಅಳತೆ ಬೇರೆ ಇರಬೇಕು, ಸ್ಥಳೀಯ ಸಂಶೋಧನೆಯನ್ನು ಕಾಪಾಡಬೇಕು ಅಂತ 2015ರ ಲೈಡನ್ ಪ್ರಣಾಳಿಕೆ ಹೇಳಿತ್ತು. 2020ರಲ್ಲಿ ಚೀನಾ ಸರ್ಕಾರ ಬರೀ ಪ್ರಬಂಧದ ಲೆಕ್ಕ ನೋಡಿ ಬಡ್ತಿ, ಬಹುಮಾನ ಕೊಡಬೇಡಿ ಅಂತ ತನ್ನ ಸಂಸ್ಥೆಗಳಿಗೆ ಹೇಳಿತು. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಯೂನಿವರ್ಸಿಟಿ 2021ರಲ್ಲಿ ನೇಮಕಾತಿಯಿಂದ ಇಂಪ್ಯಾಕ್ಟ್ ಫ್ಯಾಕ್ಟರನ್ನೇ ಹೊರಗಿಟ್ಟಿತು. ನಮ್ಮ ಎನ್‌ಐಆರ್‌ಎಫ್ ಕೂಡ 2025ರಲ್ಲಿ ಹಿಂತೆಗೆದುಕೊಂಡ ಪ್ರಬಂಧಗಳಿಗೆ ಅಂಕ ಕಳೆಯೋಕೆ ಶುರು ಮಾಡಿತು. ಒಳ್ಳೇದೇ. ಆದರೆ ಕಳ್ಳನಿಗೆ ದಂಡ ಹಾಕಿದ ಮಾತ್ರಕ್ಕೆ ಕೆಲಸ ಮಾಡಿದವನಿಗೆ ಕೂಲಿ ಸಿಕ್ಕ ಹಾಗಾಗಲಿಲ್ಲ.

ಓದೋದಕ್ಕೆ ಹೊತ್ತು ಬೇಕು, ಎಣಿಸೋದಕ್ಕೆ ಬೇಡ. ಅದಕ್ಕೇ ಎಣಿಸ್ತಿದ್ದಾರೆ, ಬೇರೆ ಕಾರಣ ನನಗಂತೂ ಕಾಣ್ತಿಲ್ಲ. ಮುಂದಿನ ಸಲ ನಿಮ್ಮೂರಿನ ಯೂನಿವರ್ಸಿಟಿ ಎಷ್ಟನೇ ಸ್ಥಾನದಲ್ಲಿದೆ ಅಂತ ಸುದ್ದಿ ಬಂದಾಗ, ಅಲ್ಲಿ ಓದ್ತಿರೋ ಮಕ್ಕಳ ಅಪ್ಪ ಅಮ್ಮ ಆಗಿ, ತೆರಿಗೆ ಕಟ್ಟೋರಾಗಿ ಒಂದೇ ಒಂದು ಪ್ರಶ್ನೆ ಕೇಳಿ: ಈ ವರ್ಷ ಅಲ್ಲಿ ಏನು ಕಂಡುಹಿಡಿದರು? ಎಷ್ಟು ಅಂತಲ್ಲ, ಏನು ಅಂತ. ಉತ್ತರ ಕೊಡೋಕೆ ಅವರು ತಡವರಿಸಿದರೆ ಗೊತ್ತಾಗಿಬಿಡತ್ತೆ.

ನೀವೇನಂತೀರಿ?