ಡಬ್ಬದಲ್ಲೇ ಉಳಿದ ನಮ್ಮ ಪಿಕ್ಚರ್!

ನಾನೂ ಒಂದು ಪಿಕ್ಚರ್‌ನಲ್ಲಿ ಹೀರೋ ಆಗಿದ್ದೆ ಅಂದ್ರೆ ನೀವು ನಗ್ತೀರಿ. ನಗಿ, ಪರವಾಗಿಲ್ಲ. 2014ರಲ್ಲಿ, ಪಿಯುಸಿಗೆ ನಾನು ಕೈಮುಗಿದ ವರ್ಷ, ಐದು ಜನ ಸೇರಿ ಮದುವೆ ವಿಡಿಯೋದವರ ಕ್ಯಾಮೆರಾ ಬಾಡಿಗೆಗೆ ತಂದು ಅರ್ಧ ಗಂಟೆಯ ಚಿತ್ರ ಮಾಡಿದ್ವಿ. ಕಥೆ, ಸಂಭಾಷಣೆ, ನಿರ್ದೇಶನ ನನ್ನ ಗೆಳೆಯನದು. ಮನೆ ಕಂಪ್ಯೂಟರ್‌ನಲ್ಲಿ ಎರಡು ಡಿವಿಡಿ ಬರ್ನ್ ಮಾಡಿ, ಒಂದನ್ನು ಲೈಬ್ರರಿಗೆ ಕೊಟ್ಟ. "ಇನ್ನು ನಾವು ಅಮರ ಕಣೋ" ಅಂದ.

ಆ ಗೆಳೆಯ ಈಗಿಲ್ಲ. ಹೋದ ವರ್ಷ ಬೈಕ್ ಅಪಘಾತದಲ್ಲಿ ತೀರಿಕೊಂಡ. "ಅವನ ದನಿ ಒಂದ್ಸಲ ಕೇಳಿಸಪ್ಪಾ" ಅಂದ್ರು ಅವರಮ್ಮ. ಮನೆಯ ಡಿಸ್ಕ್ ಎಂದೋ ಕಳೆದಿತ್ತು. ಲೈಬ್ರರಿಗೆ ಓಡಿದೆ. ನಮ್ಮ ಡಿಸ್ಕ್ ಇತ್ತು, ಸ್ವಾಮಿ! ಮೈಮೇಲೆ ನಂಬರ್ ಚೀಟಿ ಅಂಟಿಸಿಕೊಂಡು, ಕಿಟಕಿ ಬಿಸಿಲು ಕಾಯಿಸಿಕೊಂಡು ಕೂತಿತ್ತು. ಪ್ಲೇಯರ್‌ಗೆ ಹಾಕಿದ್ರೆ ಗರಗರ ಅಂದು ಸುಮ್ಮನಾಯ್ತು.

ಲೈಬ್ರರಿಯವರನ್ನು ಬೈಯೋಕೆ ಹೊರಟೆ. ವಿಚಾರಿಸಿದಾಗ ತಪ್ಪು ನಮ್ಮದೂ ಇದೆ ಅಂತ ಗೊತ್ತಾಯ್ತು. ಕಂಪನಿ ಡಿವಿಡಿ ಅಚ್ಚು ಹೊಡೆದದ್ದು. ಚಿತ್ರ ಪ್ಲಾಸ್ಟಿಕ್ಕಿನಲ್ಲೇ ಗುಳಿಗಳಾಗಿ ಒತ್ತಿರುತ್ತೆ. ಮನೇಲಿ ಮಾಡೋದು ಡಿವಿಡಿ-ಆರ್. ಅದರೊಳಗೆ ಬಣ್ಣದ ತೆಳು ಪದರ. ಲೇಸರ್ ಅದರ ಮೇಲೆ ಗುರುತು ಹಾಕುತ್ತೆ. ಬಿಸಿಲು, ಸೆಕೆ, ತೇವ ಆ ಬಣ್ಣಕ್ಕೆ ಶತ್ರು. ಚೀಟಿ ಅಂಟಿಸಿದ್ರೆ ತಿರುಗುವಾಗ ತೂಕ ತಪ್ಪುತ್ತೆ. ಕಿತ್ತರೆ ಡಿಸ್ಕಿಗೇ ಪೆಟ್ಟು. ನಂಬರನ್ನು ಡಬ್ಬದ ಮೇಲೆ ಬರೀಬೇಕು. ಡಬ್ಬವನ್ನು ಪುಸ್ತಕದ ಹಾಗೆ ನಿಲ್ಲಿಸಬೇಕು. ಎಲ್ಲಕ್ಕಿಂತ ಮೊದಲು, ಡಿಸ್ಕ್ ಬಂದ ದಿನವೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ಎರಡು ಕಡೆ ಇಡಬೇಕು.

"ಕಾಪಿ ಯಾಕೆ ಮಾಡ್ಲಿಲ್ಲ ಸಾರ್?" ಅಂದೆ. "ನೀವು ಪರ್ಮಿಷನ್ ಕೊಟ್ಟಿದ್ರಾ?" ಅಂದ್ರು. ಬಾಯಿ ಬಂದ್! ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ, ಲೈಬ್ರರಿಗಳು ಕಾಪಾಡೋದಕ್ಕೆಂದು ಎಲೆಕ್ಟ್ರಾನಿಕ್ ಪ್ರತಿ ಇಟ್ಟುಕೊಳ್ಳಲು ಬಿಡುತ್ತೆ. ಆದರೆ ಅವರ ಹತ್ತಿರ ಡಿಜಿಟಲ್ ಅಲ್ಲದ ಪ್ರತಿ ಇರಬೇಕು. ನಮ್ಮ ಡಿವಿಡಿಯೇ ಡಿಜಿಟಲ್! "ಕಾಪಿ ಮಾಡಿಕೊಳ್ಳಿ, ಜನಕ್ಕೆ ತೋರಿಸಿ" ಅಂತ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಡಬೇಕಿತ್ತು. ನಾವು ಫೋಟೋ ಹೊಡೆಸಿಕೊಂಡು ಬಂದಿದ್ವಿ ಅಷ್ಟೆ. ಮೇಲಾಗಿ, ಹಿನ್ನೆಲೆಗೆ ಯಾವುದೋ ಹಿಟ್ ಹಾಡು ಎತ್ತಿಹಾಕಿದ್ವಿ. ಅದಕ್ಕೆ ಪರ್ಮಿಷನ್ ಕೊಡೋಕೆ ನಾವ್ಯಾರು?

ತೆರೆಕಂಡ ಮೊದಲ ಕನ್ನಡ ಟಾಕಿ, 1934ರ 'ಸತಿ ಸುಲೋಚನ'ದ ಪ್ರಿಂಟೇ ಇವತ್ತು ಸಿಗಲ್ಲ. ನಮ್ಮದು ಯಾವ ಲೆಕ್ಕ ಅಂತ ಕೈಬಿಡೋದರಲ್ಲಿದ್ದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದಬಹುದು ಅಂತ ಯಾರೋ ಹೇಳಿದ್ರು. ಸ್ಟುಡಿಯೋ ಸ್ಟುಡಿಯೋ ಅಲೆದೆ. ನಾಲ್ಕನೇ ಕಡೆ, ಧೂಳು ಹಿಡಿದ ಹಳೇ ಡ್ರೈವ್‌ನಲ್ಲಿ ಆರು ನಿಮಿಷ ಎದ್ದು ಬಂತು. ಹೀರೋ ಮುಖ ಚೌಕಚೌಕವಾಗಿ ಒಡೆದಿತ್ತು. ಆದ್ರೆ ಎಡಿಟಿಂಗ್‌ನಲ್ಲಿ ಕತ್ತರಿಸೋಕೆ ಮರೆತಿದ್ದ ಒಂದು ಕೂಗು ಸ್ವಚ್ಛವಾಗಿತ್ತು: "ಕಟ್! ಲೇ, ನೆಟ್ಟಗೆ ನಿಂತ್ಕೊಳ್ಳೋ!"

ಅವರಮ್ಮ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ್ರು.

ಗೆಳೆಯರೇ, ನಿಮ್ಮ ಪೆಟ್ಟಿಗೆಯಲ್ಲೂ ಇಂಥ ಡಿಸ್ಕ್ ಇದ್ದೀತು. ಈ ಭಾನುವಾರ ಮ್ಯಾಟಿನಿಗೆ ಹೋಗೋ ಮುಂಚೆ ಒಂದು ಕಾಪಿ ಮಾಡಿ. ಲೈಬ್ರರಿಗೆ ಕೊಡೋದಾದ್ರೆ ಜೊತೆಗೆ ಆ ನಾಲ್ಕು ಸಾಲು ಮರೀಬೇಡಿ. ಬರ್ಲಾ?